ನಿನ್ನೆ ತುಂಬಿದ ಟ್ಯಾಂಕು

ಕಾರ್ಖಾನೆಯವರು ಅವಳನ್ನು ಕಿವಿಯಕ್ಕ ಎಂದು ಕರೆಯುತ್ತಿದ್ದರು, ಅದೂ ಅವಳಿಗೆ ಕೇಳದ ಹಾಗೆ. ಕಿವಿಯಕ್ಕನಿಗೆ ಕೇಳದ ಹಾಗೆ ಏನನ್ನಾದರೂ ಹೇಳಬಹುದು ಎಂದುಕೊಂಡದ್ದೇ ಅವರ ಪೆದ್ದುತನ. ಅವಳಿಗೆ ಎಲ್ಲವೂ ಕೇಳುತ್ತಿತ್ತು. ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣ ಮಾತ್ರ ಮೈಯಲ್ಲಿ ಉಳಿದಿರುತ್ತಿರಲಿಲ್ಲ.

ಆಮ್ಲ, ಬ್ಲೀಚು, ಉಪ್ಪುನೀರು ಇಂಥವನ್ನು ಕಬ್ಬಿಣದ ಟ್ಯಾಂಕಿನಲ್ಲಿಟ್ಟರೆ ಅವು ಕಬ್ಬಿಣವನ್ನೇ ತಿಂದು ಮುಗಿಸುತ್ತವೆ. ಅದಕ್ಕೇ ಗಾಜಿನ ನಾರನ್ನು ಅಂಟಿನಲ್ಲಿ ಅದ್ದಿ, ಪದರದ ಮೇಲೆ ಪದರ ಸುತ್ತಿ, ಮೂರಾಳೆತ್ತರದ ಪ್ಲಾಸ್ಟಿಕ್ ಟ್ಯಾಂಕು ಮಾಡುತ್ತಾರೆ. ತುಕ್ಕಿಲ್ಲ, ಭಾರವಿಲ್ಲ, ನೋಡಲು ಲಕ್ಷಣವಾಗಿಯೂ ಇರುತ್ತದೆ. ತಾಪತ್ರಯ ಒಂದೇ. ಕಬ್ಬಿಣ ಕೆಡುವಾಗ ಕೆಂಪಾಗಿ, ಉಬ್ಬಿ, ಉದುರಿ, ಊರಿಗೆಲ್ಲ ಸಾರಿಕೊಂಡು ಕೆಡುತ್ತದೆ. ಇದು ಹಾಗಲ್ಲ. ಹೊರಗಿನ ಬಣ್ಣ ಮಾಸದೆ, ಒಳಗೊಳಗೇ ಒಂದೊಂದು ನಾರು ಕಡಿದುಕೊಳ್ಳುತ್ತ ಕೂತಿರುತ್ತದೆ, ಒಂದು ದಿನ ಇದ್ದಕ್ಕಿದ್ದಂತೆ ಸೀಳಿಕೊಳ್ಳುತ್ತದೆ. ಕೊಯ್ದು ನೋಡಿದರೆ ಒಳಗಿನ ಸ್ಥಿತಿ ಗೊತ್ತಾದೀತು, ಆದರೆ ಕೊಯ್ದ ಟ್ಯಾಂಕನ್ನು ಆಮೇಲೆ ಯಾರು ಏನು ಮಾಡಬೇಕು? ಕೊಯ್ಯದೆ, ಕೊರೆಯದೆ, ಒಂದು ಗೀರೂ ಬೀಳದಂತೆ ಒಳಗಿನದನ್ನು ತಿಳಿದುಕೊಳ್ಳುವುದು ಕಿವಿಯಕ್ಕನ ಕಸುಬು.

ಕೆಲಸ ಕೇಳಲು ಸುಲಭ. ಟ್ಯಾಂಕಿನ ಮೈಮೇಲೆ ಅಲ್ಲಲ್ಲಿ ಸಣ್ಣ ಸೆನ್ಸರುಗಳನ್ನು ಗ್ರೀಸು ಹಚ್ಚಿ ಕೂರಿಸಬೇಕು. ಪ್ರತಿಯೊಂದರ ಪಕ್ಕದಲ್ಲೂ ಪೆನ್ಸಿಲಿನ ಕಡ್ಡಿಯನ್ನು ಒತ್ತಿ ಮುರಿಯಬೇಕು. ಆ ಸಣ್ಣ ಟಿಕ್ಕು ಲ್ಯಾಪ್‌ಟಾಪಿನ ಪರದೆಯ ಮೇಲೆ ಗೆರೆಯಾಗಿ ಎದ್ದರೆ ಸೆನ್ಸರು ಸರಿಯಿದೆ ಎಂದರ್ಥ. ಆಮೇಲೆ ಟ್ಯಾಂಕಿಗೆ ಸ್ವಲ್ಪಸ್ವಲ್ಪವಾಗಿ ನೀರು ತುಂಬುತ್ತ, ನಡುನಡುವೆ ನಿಲ್ಲಿಸಿ, ಒಳಗೆ ನಾರು ಕಡಿಯುವ ಸದ್ದಿಗೆ ಕಾಯಬೇಕು. ಕಾಯುವುದೇ ಕೆಲಸ. ಅವಳ ಆಯಸ್ಸಿನಲ್ಲಿ ಅರ್ಧ ಇಂಥ ಟ್ಯಾಂಕುಗಳ ಬುಡದಲ್ಲಿ ಮಡಚುವ ಕುರ್ಚಿಯ ಮೇಲೆಯೇ ಕಳೆದಿತ್ತು. ಮಂಡಿ ಸವೆದಿತ್ತು. ಅಂಟಿನ ವಾಸನೆ ಎಷ್ಟು ಸೋಪು ಹಾಕಿದರೂ ಕೂದಲಿನಿಂದ ಹೋಗುತ್ತಿರಲಿಲ್ಲ.

ಈ ಪರೀಕ್ಷೆಗೆ ಒಂದು ವಿಚಿತ್ರ ಕಟ್ಟುಪಾಡಿದೆ. ನಿನ್ನೆ ಹೊತ್ತ ಭಾರವನ್ನೇ ಇವತ್ತು ಮತ್ತೆ ಹೊರಿಸಿದರೆ ಇಂಥ ಟ್ಯಾಂಕು ಸದ್ದು ಮಾಡುವುದಿಲ್ಲ. ಆ ಭಾರಕ್ಕೆ ಕಡಿಯಬೇಕಾದ ನಾರೆಲ್ಲ ನಿನ್ನೆಯೇ ಕಡಿದಿರುತ್ತದೆ, ಇವತ್ತು ಅದು ತೆಪ್ಪಗಿರುತ್ತದೆ. ಹಾಗಾಗಿ ಪರೀಕ್ಷೆಗೆ ಮುಂಚೆ ಟ್ಯಾಂಕನ್ನು ಖಾಲಿ ಮಾಡಿ ಒಂದು ದಿನವಾದರೂ ಸುಧಾರಿಸಿಕೊಳ್ಳಲು ಬಿಡಬೇಕು. ಹಾಗೆ ಬಿಟ್ಟಾಗ ಕೆಟ್ಟ ಜಾಗಗಳು ಸಡಿಲಗೊಳ್ಳುತ್ತವೆ, ಆಮೇಲೆ ತುಂಬಿದರೆ ಕೆಟ್ಟಿರುವ ಟ್ಯಾಂಕು ಬಾಯಿ ಬಿಡುತ್ತದೆ. ಗಟ್ಟಿ ಇರುವುದು ಆಗಲೂ ಸುಮ್ಮನಿರುತ್ತದೆ. ಈ ಎರಡು ಸುಮ್ಮನಿರುವಿಕೆಗಳನ್ನು ಬೇರೆಬೇರೆ ಮಾಡಿ ನೋಡುವುದಕ್ಕಾಗಿಯೇ ಅವಳಿಗೆ ಸಂಬಳ ಕೊಡುತ್ತಿದ್ದರು ಎಂದರೂ ನಡೆಯುತ್ತದೆ.

ಮನೆಯಲ್ಲಿ ಇದ್ದವರು ಅಮ್ಮ ಮತ್ತು ತಂಗಿ. ಲಾಂಡ್ರಿ ಅಂಗಡಿಯ ಮೇಲಿನ ಎರಡು ಕೋಣೆ, ಒಂದು ಅಡುಗೆಮನೆ, ಕೈ ಚಾಚಿದರೆ ಎದುರುಮನೆಯ ಕಿಟಕಿಗೆ ತಾಗುವಂಥ ಒಂದು ಬಾಲ್ಕನಿ. ಅಮ್ಮನ ನೆನಪು ಕೆಲವು ವರ್ಷಗಳಿಂದ ಒಂದೊಂದಾಗಿ ಕಳಚಿಕೊಳ್ಳುತ್ತ ಬಂದಿತ್ತು. ಈಗ ಅವರು ದೊಡ್ಡ ಮಗಳನ್ನು ನರ್ಸಮ್ಮ ಎನ್ನುತ್ತಿದ್ದರು, ಚಿಕ್ಕ ಮಗಳನ್ನು ಅಮ್ಮಾ ಎನ್ನುತ್ತಿದ್ದರು. ಚಿಕ್ಕವಳು ಕಣ್ಣಿಗೆ ಬೀಳದಿದ್ದರೆ ಒಂದು ತುತ್ತೂ ಇಳಿಯುತ್ತಿರಲಿಲ್ಲ, ಕಣ್ಣೂ ಮುಚ್ಚುತ್ತಿರಲಿಲ್ಲ. ಲಾಂಡ್ರಿಯವನ ಹೆಂಡತಿ ಒಂದರ್ಧ ಗಂಟೆ ಬಂದು ಕೂತಾಳು, ಅದಕ್ಕಿಂತ ಹೆಚ್ಚು ಅವಳಿಂದಲೂ ಆಗದು.

ತಂಗಿ ಮೊದಲು ಊರಾಚೆಯ ಸಸಿಗಳ ನರ್ಸರಿಯಲ್ಲಿ ಕಸಿ ಕಟ್ಟುವ ಕೆಲಸ ಮಾಡುತ್ತಿದ್ದಳು. ಒಳ್ಳೆ ಕೈ. ಅವಳು ಕಟ್ಟಿದ ಕಸಿ ಹಿಡಿಯದೆ ಹೋದದ್ದು ಅಪರೂಪ. ಅಮ್ಮ ಒಂದು ಮಧ್ಯಾಹ್ನ ಗ್ಯಾಸು ಹಚ್ಚಿಟ್ಟು ಮರೆತು ರಸ್ತೆಗಿಳಿದ ಮೇಲೆ ಅಕ್ಕತಂಗಿಯರಲ್ಲಿ ಒಬ್ಬರು ಮನೆಯಲ್ಲಿರಬೇಕಾಯಿತು. ಯಾರು ಎಂಬ ಮಾತು ಏಳಲೇ ಇಲ್ಲ. ಅಕ್ಕನ ಸಂಬಳ ದೊಡ್ಡದು, ಅಕ್ಕ ಊರೂರು ತಿರುಗುವವಳು. ತಂಗಿ ಕಸಿ ಕಟ್ಟುವ ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟಳು. "ಆಯ್ತು ಬಿಡು ಅಕ್ಕ," ಅಂದಳು. ಅವತ್ತಿನಿಂದ ಯಾವ ಮಾತಿಗೂ ಅವಳ ಉತ್ತರ ಅದೇ. ಅಮ್ಮ ಹಾಸಿಗೆ ಒದ್ದೆ ಮಾಡಿದರೇ? ಆಯ್ತು ಬಿಡು. ಅಕ್ಕ ಈ ವಾರವೂ ಬರುವುದಿಲ್ಲವೇ? ಆಯ್ತು ಬಿಡು. ತಂಗಿ ಗಟ್ಟಿಗಿತ್ತಿ, ಚಿನ್ನದಂಥವಳು ಎಂದು ಅಕ್ಕ ಕಂಡಕಂಡವರ ಮುಂದೆ ಹೊಗಳುತ್ತಿದ್ದಳು. ಹೊಗಳುವುದಕ್ಕೆ ಹೆಚ್ಚು ದಣಿವಾಗುವುದಿಲ್ಲ ನೋಡಿ.

ಹೀಗಿರುವಾಗ ಹಳೇ ನರ್ಸರಿಯ ಗೆಳತಿಯೊಬ್ಬಳು ಫೋನು ಮಾಡಿದಳು. ಬೆಟ್ಟದ ಕಡೆಯ ದೊಡ್ಡ ನರ್ಸರಿಯೊಂದರಲ್ಲಿ ಕಸಿ ವಿಭಾಗ ನೋಡಿಕೊಳ್ಳಲು ಕೈ ಪಳಗಿದ ಹೆಂಗಸು ಬೇಕಂತೆ, ಇರಲು ಕೋಣೆಯನ್ನೂ ಕೊಡುತ್ತಾರಂತೆ. ಯಜಮಾನ ಬರುವುದು ಯಾವಾಗಲೋ ಒಮ್ಮೆ, ಈ ಸಲ ಶುಕ್ರವಾರ ಬೆಳಿಗ್ಗೆ ಬರುತ್ತಾನೆ, ಅವನ ಎದುರು ಒಂದು ಕಸಿ ಕಟ್ಟಿ ತೋರಿಸಿದರೆ ಕೆಲಸ ಆದ ಹಾಗೆ. ತಂಗಿ ಇದನ್ನು ಅಕ್ಕನಿಗೆ ಹೇಳಿದ್ದು ಪಾತ್ರೆ ತೊಳೆಯುತ್ತ, ಮುಖ ಆ ಕಡೆ ಮಾಡಿ. ಗುರುವಾರ ಮಧ್ಯಾಹ್ನದ ಬಸ್ಸಿಗೆ ಹೊರಟರೆ ಸಾಕು, ಅಷ್ಟು ಹೊತ್ತಿಗೆ ನೀನು ಮನೆಗೆ ಬಂದಿರುತ್ತೀಯಾ ಎಂದು ಕೇಳಿದಳು. ಇಷ್ಟು ವರ್ಷಗಳಲ್ಲಿ ತಂಗಿ ತನಗಾಗಿ ಕೇಳಿದ ಮೊದಲ ವಿಷಯ ಅದು. ಅಕ್ಕ ತಕ್ಷಣ ಮಾತು ಕೊಟ್ಟಳು. ಬುಧವಾರ ಒಂದೇ ಒಂದು ಟ್ಯಾಂಕು, ಸಂಜೆಗೆ ಮುಗಿಯುತ್ತದೆ, ಗುರುವಾರ ಬೆಳಿಗ್ಗೆ ಹೊರಟರೂ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತೇನೆ ಎಂದಳು. ಕೆಲಸ ಸಿಕ್ಕಿದರೆ ಅಮ್ಮನ ಗತಿಯೇನು ಎಂಬುದನ್ನು ಇಬ್ಬರೂ ಎತ್ತಲಿಲ್ಲ.

ಪರೀಕ್ಷೆಗೆ ಎರಡು ದಿನ ಮುಂಚೆ ಕಾರ್ಖಾನೆಗೆ ಫೋನು ಮಾಡಿ, ಟ್ಯಾಂಕು ಖಾಲಿ ಮಾಡಿ ಬಿಡಿ, ನಾನು ಬರುವವರೆಗೆ ಒಂದು ಹನಿಯೂ ತುಂಬಬೇಡಿ ಎಂದು ಹೇಳುವುದು ಅವಳ ವಾಡಿಕೆ. ಈ ಸಲ ಆ ಹೊತ್ತಿಗೆ ಸರಿಯಾಗಿ ಅಮ್ಮ ಬಚ್ಚಲಮನೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡರು. ತೆಗೆಯುವುದು ಹೇಗೆಂದು ಅವರಿಗೆ ಮರೆತುಹೋಯಿತು. ಅಕ್ಕ ತಂಗಿ ಇಬ್ಬರೂ ಬಾಗಿಲಿಗೆ ಬಾಯಿ ಹಚ್ಚಿ ಗೋಗರೆದರು, ಕೊನೆಗೆ ಲಾಂಡ್ರಿಯವನು ಬಂದು ಬಾಗಿಲನ್ನು ಮೀಟಿ ತೆಗೆದ. ಅಮ್ಮ ಒಳಗೆ ಬಕೆಟಿನ ಮೇಲೆ ಕೂತು ಎಲ್ಲರನ್ನೂ ಯಾಕೆ ಗಲಾಟೆ ಎಂದು ಗದರಿಸಿದರು. ಆ ಗದ್ದಲದಲ್ಲಿ ಫೋನು ಮಾಡುವುದು ತಲೆಯಿಂದ ಹಾರಿಹೋಯಿತು. ಹಾರಿಹೋಯಿತೆಂಬುದೂ ಅವಳಿಗೆ ಗೊತ್ತಾಗಲಿಲ್ಲ.

ಬುಧವಾರ ಅವಳು ಕಾರ್ಖಾನೆಗೆ ಬಂದಾಗ ಅವಳ ಜೊತೆಗಾರ ಸೆನ್ಸರುಗಳನ್ನು ಜೋಡಿಸಿ ಮುಗಿಸಿದ್ದ. ಅವನಿಗೆ ಎಲ್ಲರೂ ಗೊರಕೆ ಎನ್ನುತ್ತಿದ್ದರು. ವ್ಯಾನು ಹೊರಟು ಎರಡನೇ ತಿರುವು ಬರುವಷ್ಟರಲ್ಲಿ ಅವನಿಂದ ಗೊರಕೆ ಶುರುವಾಗುತ್ತಿತ್ತು. ಎಚ್ಚರವಿದ್ದಾಗ ಮಾತ್ರ ಕೆಲಸದಲ್ಲಿ ಚುರುಕು. ಆದರೆ ಪರೀಕ್ಷೆ ಮುಗಿದ ಮೇಲೆ ಟ್ಯಾಂಕಿಗೆ ಸರಿ ಎಂದೋ ಬೇಡ ಎಂದೋ ಸಹಿ ಹಾಕುವ ಅಧಿಕಾರ ಅವನಿಗಿರಲಿಲ್ಲ, ಅದು ಅವಳೊಬ್ಬಳದೇ.

ಬೇರೆ ಸದ್ದು ಅಡ್ಡ ಬರದಂತೆ ಕಾರ್ಖಾನೆಯ ಪಂಪುಗಳನ್ನು ನಿಲ್ಲಿಸಿದರು. ನೀರು ಬಿಟ್ಟರು. ಕಾಲು ಭಾಗ ತುಂಬಿತು, ಸದ್ದಿಲ್ಲ. ಅರ್ಧ ತುಂಬಿತು, ಸದ್ದಿಲ್ಲ. ಮುಕ್ಕಾಲು ತುಂಬಿತು, ಪರದೆಯ ಮೇಲಿನ ಗೆರೆ ಹೊದ್ದು ಮಲಗಿದ ಹಾಗೆ ಮಲಗಿಯೇ ಇತ್ತು. ಕಿವಿಯಕ್ಕನ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಸಂಜೆಯೇ ಹೊರಟುಬಿಡಬಹುದು ಎಂದುಕೊಂಡಳು. ತಂಗಿ ಬಸ್ಸು ಹತ್ತುವಾಗ ಚೀಲ ಹಿಡಿದುಕೊಂಡು ನಿಲ್ಲಬಹುದು.

ಕಾಲು ಜೋಮು ಹಿಡಿದಿತ್ತೆಂದು ಎದ್ದು ಟ್ಯಾಂಕಿನ ಸುತ್ತ ಒಂದು ಸುತ್ತು ಬಂದಳು. ಹಿಂಬದಿಯಲ್ಲಿ, ಮೇಲಿನಿಂದ ಹೆಚ್ಚುವರಿ ನೀರು ಹೊರಬೀಳುವ ಕೊಳವೆಯ ಕೆಳಗೆ, ಟ್ಯಾಂಕಿನ ಮೈಮೇಲಿನ ಧೂಳೆಲ್ಲ ತೊಳೆದುಹೋಗಿ ಒಂದು ಪಟ್ಟಿ ಹೊಳೆಯುತ್ತಿತ್ತು. ಬುಡದಲ್ಲಿ ನೆಲ ಇನ್ನೂ ಹಸಿ. ಅವಳು ಆ ಹಸಿ ನೆಲವನ್ನು ನೋಡುತ್ತ ನಿಂತಳು. ಎರಡು ದಿನ ಹಿಂದೆ ಬಚ್ಚಲಿನ ಬಾಗಿಲಿಗೆ ಬಾಯಿ ಹಚ್ಚಿ ನಿಂತದ್ದು, ಮಾಡಬೇಕಾಗಿದ್ದ ಫೋನು, ಎಲ್ಲ ಒಟ್ಟಿಗೆ ನೆನಪಾಯಿತು.

ಮ್ಯಾನೇಜರನನ್ನು ಕೇಳಿದಳು. ಅವನು ಒಳ್ಳೆಯ ಮನುಷ್ಯ, ಮುಖ ಇಷ್ಟಗಲ ಮಾಡಿಕೊಂಡು ಹೇಳಿದ: ನೀವು ಬರುವಾಗ ಎಲ್ಲಾದರೂ ತೊಟ್ಟಿಕ್ಕಿದರೆ ನಿಮಗೇ ತೊಂದರೆಯಲ್ಲವೇ, ಅದಕ್ಕೇ ನಿನ್ನೆ ಕಂಠಮಟ್ಟ ತುಂಬಿಸಿ, ಒಂದು ಹನಿಯೂ ಸೋರದ್ದನ್ನು ನೋಡಿ, ಇವತ್ತು ಬೆಳಿಗ್ಗೆ ಖಾಲಿ ಮಾಡಿಸಿಟ್ಟೆ. ಅವನನ್ನು ಏನೆಂದು ಬೈಯುವುದು? ತುಂಬಬೇಡಿ ಎಂದು ಹೇಳಬೇಕಾದವಳು ಹೇಳಿರಲಿಲ್ಲ. ತಪ್ಪು ನನ್ನದೇ ಎಂದು ಅವಳು ಅವನಿಗೆ ಹೇಳಿದಳು. ಅವನಿಗೆ ಅದು ತಪ್ಪೆಂದೂ ಅರ್ಥವಾಗಲಿಲ್ಲ.

ಗೊರಕೆಗೆ ಅರ್ಥವಾಯಿತು. ಅವನು ಪರದೆಯನ್ನೂ ಅವಳ ಮುಖವನ್ನೂ ನೋಡಿ, ದನಿ ತಗ್ಗಿಸಿ, "ಸುಮ್ಮನಿದೆಯಲ್ಲ ಅಕ್ಕ, ಹೋಗ್ಲಿ ಬಿಡಿ. ನಿಮ್ಮ ತಂಗಿ ಕಾಯ್ತಿರ್ತಾರೆ," ಅಂದ.

ಅವಳು ಹೋಗಿ ಕುರ್ಚಿಯ ಮೇಲೆ ಕೂತಳು. ಸಹಿ ಹಾಕಿ ಹೊರಟರೆ ಕೇಳುವವರಿಲ್ಲ. ಟ್ಯಾಂಕು ಗಟ್ಟಿಯೇ ಇರಬಹುದು, ಹೆಚ್ಚಿನವು ಗಟ್ಟಿಯೇ ಇರುತ್ತವೆ. ಅವಳಿಗೆ ನಿಜಕ್ಕೂ ಸಾಕಾಗಿತ್ತು. ಈ ಟ್ಯಾಂಕು ಸಾಕು, ಈ ಕುರ್ಚಿ ಸಾಕು, ಈ ಮಂಡಿನೋವು ಸಾಕು ಎನಿಸಿತ್ತು. ಅಷ್ಟರಲ್ಲಿ ಚಹಾದ ಹೊತ್ತಾಗಿ, ಲೋಡಿಂಗಿನ ಆಳುಗಳು ಲೋಟ ಹಿಡಿದು ಬಂದು, ಟ್ಯಾಂಕಿನ ನೆರಳಿನಲ್ಲಿ ಅದಕ್ಕೇ ಬೆನ್ನು ಆನಿಸಿ ಕೂತರು. ದಿನಾ ಅಲ್ಲೇ ಕೂರುವವರು, ಬೇರೆಲ್ಲೂ ನೆರಳಿರಲಿಲ್ಲ. ಬರುವ ವಾರದಿಂದ ಅವರ ಬೆನ್ನ ಹಿಂದೆ ನೀರಿನ ಬದಲು ಆಮ್ಲ ಇರುತ್ತದೆ.

ಅವಳು ಎದ್ದು ಟ್ಯಾಂಕು ಖಾಲಿ ಮಾಡಲು ಹೇಳಿದಳು. ನಾಳೆ ಸಂಜೆ ಮತ್ತೆ ಮೊದಲಿನಿಂದ.

ಆಮೇಲೆ ಮನೆಗೆ ಫೋನು ಮಾಡಿದಳು. ವಿಷಯವನ್ನು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಹೇಳಿದಳು, ಟ್ಯಾಂಕಿನಲ್ಲಿ ತೊಡಕಾಗಿದೆ, ನಾಳೆ ಬರಲು ಆಗುವುದಿಲ್ಲವೇನೋ, ಶುಕ್ರವಾರ ಬೆಳಿಗ್ಗೆ ಬಂದುಬಿಡುತ್ತೇನೆ ಎಂದಳು.

"ಆಯ್ತು ಬಿಡು ಅಕ್ಕ."

"ಬೇಜಾರಾಯ್ತಾ ಪುಟ್ಟಿ?"

"ಇಲ್ಲ ಅಕ್ಕ. ನೀನು ಊಟ ಮಾಡು."

ಅಕ್ಕನಿಗೆ ಸಮಾಧಾನವಾಯಿತು. ಎಂಥ ತಂಗಿ, ಒಂದು ಮಾತು ಎದುರಾಡಲಿಲ್ಲ ಎಂದುಕೊಂಡಳು. ಹಾಗೆ ಎಂದುಕೊಂಡು ಊಟವನ್ನೂ ಮಾಡಿದಳು.

ಮರುದಿನ ಸಂಜೆ ಮತ್ತೆ ಪಂಪು ನಿಲ್ಲಿಸಿ ನೀರು ಬಿಟ್ಟರು. ಕಾಲು ಭಾಗಕ್ಕೆ ಏನೂ ಇಲ್ಲ. ಅರ್ಧ ದಾಟುತ್ತಿದ್ದಂತೆ ಒಣಕಡ್ಡಿ ಮುರಿದ ಹಾಗೆ ಒಂದು ಸದ್ದು ಲ್ಯಾಪ್‌ಟಾಪಿನ ಸ್ಪೀಕರಿನಿಂದ ಬಂತು, ಹಿಂದೆಯೇ ಇನ್ನೊಂದು, ಆಮೇಲೆ ಎಣಿಸಲು ಸಿಗದಷ್ಟು. ಅವಳು ನೀರು ನಿಲ್ಲಿಸಿದಳು. ಗಟ್ಟಿ ಟ್ಯಾಂಕಾದರೆ ನೀರು ನಿಂತ ಮೇಲೆ ಸದ್ದೂ ನಿಲ್ಲಬೇಕು. ಇದು ನಿಲ್ಲಲಿಲ್ಲ. ಭಾರ ಹೆಚ್ಚಿಸದಿದ್ದರೂ, ಯಾರೂ ಮುಟ್ಟದಿದ್ದರೂ, ಬುಡದಲ್ಲಿ ಗೋಡೆ ತಳಕ್ಕೆ ತಿರುಗುವ ಕಡೆಯಿಂದ ಟಿಕ್ಕುಟಿಕ್ಕೆನ್ನುತ್ತಲೇ ಇತ್ತು. ಸರಿಯಾಗಿ ಆ ಆಳುಗಳು ಬೆನ್ನು ಆನಿಸುವ ಎತ್ತರದಲ್ಲಿ. ಗೊರಕೆ ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದ. ಮ್ಯಾನೇಜರನ ಮುಖ ಸಪ್ಪೆಯಾಯಿತು. ಅವನು ಅಲ್ಲೇ ಮಗುಚಿಟ್ಟ ಬಕೆಟಿನ ಮೇಲೆ ಕುಸಿದು, ನಿನ್ನೆ ಏನೂ ಇರಲಿಲ್ಲವಲ್ಲ ಎಂದು ಕೇಳಿದ.

"ನಿನ್ನೆ ಅದಕ್ಕೆ ಹೇಳೋ ಶಕ್ತಿ ಇರ್ಲಿಲ್ಲ," ಅಂದಳು ಅವಳು. "ಮೊನ್ನೆಯಷ್ಟೇ ಅಷ್ಟು ಭಾರ ಹೊತ್ತಿತ್ತು. ಇದನ್ನ ಇನ್ನು ತುಂಬ್ಬೇಡಿ."

ಈ ಮಾತನ್ನು ಅವಳು ತನ್ನ ನೌಕರಿಯಲ್ಲಿ ಎಷ್ಟೋ ಸಲ ಹೇಳಿದ್ದಳು. ಈ ಸಲ ಮಾತ್ರ ಅದು ಬಾಯಿಂದ ಹೊರಬಿದ್ದ ಕೂಡಲೇ ಅವಳ ಕಿವಿಗೇ ಬಂದು ಬಡಿಯಿತು. ತಂಗಿ ಹತ್ತಬೇಕಿದ್ದ ಬಸ್ಸು ಹೊರಟು ಎಷ್ಟೋ ಹೊತ್ತಾಗಿತ್ತು. ಆಯ್ತು ಬಿಡು ಅಕ್ಕ. ಇಷ್ಟು ವರ್ಷ ಬೇರೆಯವರ ಟ್ಯಾಂಕುಗಳಿಗೆ ಕಿವಿ ಕೊಟ್ಟವಳು ತನ್ನ ಮನೆಯೊಳಗೆ ಒಂದು ದಿನವೂ ಕಿವಿ ಕೊಟ್ಟಿರಲಿಲ್ಲ. ತಂಗಿಯ ಮೇಲಿನ ಭಾರವನ್ನು ಒಂದು ದಿನವೂ ಇಳಿಸಿ ನೋಡಿರಲಿಲ್ಲ. ಅವಳಿಗೆ ನಾಚಿಕೆಯಾಯಿತು, ಅಳುವೂ ಬಂತು. ಗೊರಕೆ ಅದನ್ನು ನೋಡಿ, ಟ್ಯಾಂಕಿಗಾಗಿ ಅಳುತ್ತಿದ್ದಾಳೆಂದುಕೊಂಡು ಹೆದರಿದ.

ಶುಕ್ರವಾರ ಬೆಳಿಗ್ಗೆ ಮನೆಗೆ ಬಂದಾಗ ತಂಗಿ ಅಮ್ಮನಿಗೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡು ತಿನ್ನಿಸುತ್ತಿದ್ದಳು. ಕಟ್ಟಿದ್ದ ಚೀಲ ಬಿಚ್ಚಿ, ಬಟ್ಟೆಯೆಲ್ಲ ಮೊದಲಿದ್ದ ಜಾಗಕ್ಕೆ ಹೋಗಿತ್ತು. ಕಸಿ ಚಾಕು ಮತ್ತೆ ಬೀರುವಿನ ಮೇಲಿತ್ತು. ಅಕ್ಕ ಚಪ್ಪಲಿಯನ್ನೂ ಬಿಡದೆ, ಮಧ್ಯಾಹ್ನದ ಬಸ್ಸಿಗೆ ಹೊರಡು ಎಂದಳು. ಯಜಮಾನ ಇಷ್ಟು ಹೊತ್ತಿಗೆ ಬೇರೆಯವರನ್ನು ನೋಡಿರುತ್ತಾನೆ ಎಂದಳು ತಂಗಿ. ನೋಡಲಿ, ಕೆಲಸ ಸಿಗದಿದ್ದರೆ ಗೆಳತಿಯ ಮನೆಯಲ್ಲಿ ಬಿದ್ದುಕೊಂಡಿರು, ನಾನು ರಜೆ ಹಾಕಿದ್ದೇನೆ ಎಂದಳು ಅಕ್ಕ. ನಿನ್ನ ಕೈಯಲ್ಲಿ ಅಮ್ಮ ಊಟ ಮಾಡುವುದಿಲ್ಲ ಎಂದಳು ತಂಗಿ. ಹಸಿವಾದರೆ ಮಾಡುತ್ತಾರೆ ಎಂದಳು ಅಕ್ಕ. ಹೀಗೆ ಒಂದಕ್ಕೊಂದು ಬೆಳೆದು, ಕೊನೆಗೆ ಅಕ್ಕ ತಾನೇ ಬಟ್ಟೆ ಎಳೆದೆಳೆದು ಚೀಲಕ್ಕೆ ತುರುಕಿದಳು. ತಂಗಿ ಹೊರಟಳು. ಹೊರಡುವಾಗಲೂ ಅವಳು ಹೇಳಿದ್ದು ಆಯ್ತು ಬಿಡು ಎಂದೇ.

ಆಮೇಲಿನ ದಿನಗಳು ಅಕ್ಕನನ್ನು ಹಣ್ಣು ಮಾಡಿಬಿಟ್ಟವು. ಅಮ್ಮ ತಟ್ಟೆ ನೂಕಿದರು, ಉಗಿದರು, ನರ್ಸಮ್ಮ ನನ್ನನ್ನು ಕೊಲ್ಲುತ್ತಾಳೆ ಎಂದು ಎದುರುಮನೆಯ ಕಿಟಕಿಗೆ ದೂರು ಹೇಳಿದರು. ಒಂದೇ ಟವೆಲನ್ನು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ಕೂತಿರುತ್ತಿದ್ದರು. ಅಮ್ಮ ಎಲ್ಲಿ, ನಮ್ಮಮ್ಮ ಎಲ್ಲಿ ಎಂದು ಕೇಳುತ್ತಿದ್ದರು. ಉತ್ತರ ಕೊಟ್ಟು ಮುಗಿಯುವ ಮುಂಚೆ ಮತ್ತೆ ಅದೇ ಪ್ರಶ್ನೆ. ಟ್ಯಾಂಕಿನ ಬುಡದ ಕೆಲಸ ಇದರ ಮುಂದೆ ಏನೂ ಅಲ್ಲ ಎಂದು ಅವಳಿಗೆ ಮೊದಲ ಸಲ ತಿಳಿಯಿತು. ತಂಗಿಯಿಂದ ತಲುಪಿದೆ ಎಂಬ ಒಂದು ಸುದ್ದಿ ಬಿಟ್ಟರೆ ಬೇರೇನೂ ಬರಲಿಲ್ಲ. ಅಕ್ಕನೂ ಕೇಳಲಿಲ್ಲ. ಖಾಲಿ ಬಿಟ್ಟದ್ದನ್ನು ಹೋಗಿಹೋಗಿ ಮುಟ್ಟಬಾರದು ಎಂಬಷ್ಟು ಅವಳಿಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ಅಮ್ಮ ಅಂತೂ ಎರಡು ತುತ್ತು ತಿಂದು ಜೊಂಪಿಗೆ ಜಾರಿದಾಗ ಫೋನು ಬಂತು. ತಂಗಿ ಮೊದಲು ಅಮ್ಮನ ಮಾತ್ರೆ ವಿಚಾರಿಸಿದಳು. ಯಜಮಾನ ಆ ಶುಕ್ರವಾರ ಯಾರನ್ನೂ ಒಪ್ಪದೆ ಹೋಗಿದ್ದನಂತೆ, ಇವಳು ಅಲ್ಲಿಗೆ ಹೋಗಿ ಕಟ್ಟಿಟ್ಟ ಕಸಿಯ ಸುದ್ದಿಯನ್ನು ಗೆಳತಿಯಿಂದ ಕೇಳಿ, ಅದನ್ನು ನೋಡಲೆಂದೇ ನಿನ್ನೆ ಮತ್ತೆ ಬಂದು ಕೆಲಸ ಕೊಟ್ಟನಂತೆ. ಅಕ್ಕ ಖುಷಿಯಿಂದ ಏನೋ ಹೇಳಲು ಹೋದಳು. ತಂಗಿ ಅಷ್ಟರಲ್ಲಿ ಬಿಕ್ಕಿದಳು.

"ಆ ದಿನ ನೀನು ಫೋನ್ ಮಾಡಿದಾಗ ನಾನು ಏನು ಮಾಡ್ತಿದ್ದೆ ಗೊತ್ತಾ? ಹೊಸ ಚಪ್ಪಲಿ ತಂದಿದ್ದೆ. ದಾರಿಯಲ್ಲಿ ಕಚ್ಚಬಾರ್ದು ಅಂತ ಮನೆಯೊಳಗೇ ಹಾಕ್ಕೊಂಡು ಓಡಾಡ್ತಿದ್ದೆ, ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ. ನಿನ್ನ ಮಾತು ಕೇಳಿ ಬಿಚ್ಚಿ ಡಬ್ಬಕ್ಕೆ ಹಾಕ್ದೆ. ಊಟ ಮಾಡು ಅಂದೆ ನಿಂಗೆ. ನಿಂಗೆ ಅದೂ ಗೊತ್ತಾಗ್ಲಿಲ್ಲ."

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಯಾವುದೋ ವರ್ಷದ ಜ್ವರ, ಅಕ್ಕ ಬರುತ್ತೇನೆಂದು ಬಾರದ ವಾರಗಳು, ಚಿನ್ನದಂಥವಳೆಂದು ಹೊಗಳಿ ಎದ್ದುಹೋದದ್ದು, ಬೀರುವಿನ ಮೇಲೆ ಮೊಂಡಾದ ಚಾಕು, ಎಲ್ಲ ಬಂತು. ಅಕ್ಕ ನಡುವೆ ಬಾಯಿ ಹಾಕಲಿಲ್ಲ, ಸಮಜಾಯಿಷಿ ಕೊಡಲಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಒಂದು ಸದ್ದೂ ತಪ್ಪದಂತೆ ಕೇಳಿಸಿಕೊಂಡಳು. ಕೊನೆಗೆ ತಂಗಿ ಉಸಿರು ಎಳೆದುಕೊಂಡು, ತುಂಬ ಮೆಲ್ಲಗೆ ಹೇಳಿದಳು.

"ನಾನು ಇನ್ನು ಬರಲ್ಲ ಅಕ್ಕ."

ಅಕ್ಕ ಗೋಡೆಗೆ ಒರಗಿದಳು. ರಜೆ ಮುಗಿದ ಮೇಲೆ ಏನು, ಅಮ್ಮನಿಗೆ ಯಾರು, ಕೆಲಸ ಬಿಡಬೇಕೋ ಏನೋ, ಎಲ್ಲವೂ ಆ ಒಂದು ಉಸಿರಿನಲ್ಲಿ ಅವಳ ಹೆಗಲಿಗೆ ಬಂದು ಕೂತಿತು. ಭಾರವಾಗಿತ್ತು. ಅವಳು ಸುಳ್ಳು ಹೇಳಲಿಲ್ಲ.

"ನಂಗೆ ಕಷ್ಟ ಆಗುತ್ತೆ ಪುಟ್ಟಿ. ಆದ್ರೂ ನೀನು ಬರ್ಬೇಡ."

ಒಳಗೆ ಅಮ್ಮ ಮಗ್ಗುಲು ಬದಲಿಸಿದರು.

"ಮತ್ತೆ ಆ ಚಪ್ಪಲಿ?" ಅಕ್ಕ ಕೇಳಿದಳು. "ಕಚ್ತಾ?"

"ಕಚ್ತು," ಅಂದಳು ತಂಗಿ. "ಎರಡೂ ಕಾಲಿಗೆ ಬೊಬ್ಬೆ ಬಂದಿದೆ. ತುಂಬ ನೋಯುತ್ತೆ ಅಕ್ಕ."

ಯಾವ ಬೆರಳಿಗೆ ಎಂದು ಕೇಳುತ್ತ, ಅಕ್ಕ ಅಲ್ಲೇ ನೆಲದ ಮೇಲೆ ಕೂತಳು.